ದೇವೀರಮ್ಮನ ಗೆರೆಗಳು

ನದಿ ದಂಡೆಯಲ್ಲಿ, ತೆಪ್ಪಗಳು ನಿಲ್ಲುವ ಕಡೆ, ಒಂದು ಹಳೆಯ ಫೋಟೋ ಸ್ಟುಡಿಯೋ ಇತ್ತು. ಪಾಂಡೋಬರಾಯರು ಅಲ್ಲಿ ಕೂತು ಮುಖಗಳನ್ನು ತಿದ್ದುತ್ತಿದ್ದರು. ಒಂದು ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು, ಈಗ ಕಂಪ್ಯೂಟರಿನಲ್ಲಿ.

ಅವರ ಹತ್ತಿರ ಕಲಿಯಲು ನಿರುಪಮಾ ಎಂಬ ಹುಡುಗಿ ಬಂದಳು. ಹೆಗಲಲ್ಲಿ ಹೊಸ ಕ್ಯಾಮೆರಾ. ಕೂತರೂ ಅವಳ ಕಾಲು ಅಲ್ಲಾಡುತ್ತಲೇ ಇತ್ತು.

"ಏನು ಬರುತ್ತೆ ನಿನಗೆ?" ಗುರುಗಳು ಕೇಳಿದರು.

"ಫೋಟೋ ತೆಗೆಯೋದು ಸ್ವಲ್ಪ ಬರುತ್ತೆ ಸರ್. ಎಡಿಟಿಂಗ್ ಸಾಫ್ಟ್‌ವೇರ್ ಹಾಕ್ಕೊಂಡಿದ್ದೀನಿ. ಅದನ್ನ ಕಲಿಯೋಕೆ ನಲವತ್ತು ವಿಡಿಯೋ ನೋಡಿದ್ದೀನಿ."

"ಮುಖ ಎಷ್ಟು ನೋಡಿದ್ದೀಯ?"

ಅವಳು ಕ್ಯಾಮೆರಾದ ಪಟ್ಟಿ ತಿರುಚಿದಳು.

ಗುರುಗಳು ಪರದೆಯ ಮೇಲೆ ಯಾರದೋ ಮುಖ ತೆರೆದರು. "ನೋಡು."

ಅವಳು ನೋಡಿದಳು. ಅರ್ಧ ನಿಮಿಷ ಆಗಿರಬಹುದು, ಕೈ ಮೌಸಿನ ಕಡೆ ಹೋಯಿತು.

"ಕೈ," ಎಂದರು ಗುರುಗಳು.

ಕೈ ಹಿಂದೆ ಬಂತು. "ಸ್ವಲ್ಪ ಬ್ರೈಟ್ ಮಾಡಿದ್ರೆ ಸರ್..."

"ನೋಡು ಅಂದೆ."

ಒಂದು ವಾರ ಹೀಗೇ ನಡೆಯಿತು. ದಿನಕ್ಕೊಂದು ಮುಖ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಆಗ ಕಾಲು ಇನ್ನೂ ಜೋರಾಗಿ ಅಲ್ಲಾಡುತ್ತಿತ್ತು.

ಎಂಟನೆಯ ದಿನ ಕೇಳಿಯೇಬಿಟ್ಟಳು. "ಸರ್, ಎಡಿಟಿಂಗ್ ಯಾವಾಗ ಶುರು?"

"ನಿನ್ನ ಕೈ ಸುಮ್ಮನಾದ ಮೇಲೆ."

"ನನ್ನ ಕೈ ಸುಮ್ಮನಾಗೋದೇ ಇಲ್ಲ ಸರ್. ಅಮ್ಮನೂ ಬೈತಾರೆ."

"ಹಾಗಾದ್ರೆ ನಿಮ್ಮಮ್ಮನ ಜೊತೆ ನಾನೂ ಕಾಯ್ತೀನಿ," ಎಂದರು ಗುರುಗಳು.

ಅವತ್ತು ಮಧ್ಯಾಹ್ನ ತೆಪ್ಪದ ಸಾಕಮ್ಮ ಬಂದಳು. ಅವಳ ತಾಯಿ ದೇವೀರಮ್ಮ ತೀರಿಕೊಂಡು ಐದು ದಿನವಾಗಿತ್ತು. ಮೂವತ್ತು ವರ್ಷ ಇದೇ ನದಿಯಲ್ಲಿ ತೆಪ್ಪ ಹಾಕಿದವಳು ದೇವೀರಮ್ಮ. ಈಗ ತೆಪ್ಪದ ಹುಟ್ಟು ಮಗಳ ಕೈಗೆ ಬಂದಿತ್ತು.

ಸಾಕಮ್ಮ ಸೆರಗಿನ ಗಂಟು ಬಿಚ್ಚಿ, ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು ತೆಗೆದಳು.

"ನಮ್ಮವ್ವಂದು ಇದೊಂದೇ ಫೋಟೋ ಇರೋದು ರಾಯರೇ. ಯಾರೋ ತೆಪ್ಪದಲ್ಲಿ ಕೂತವ್ರು ತೆಗ್ದು ಕೊಟ್ಟಿದ್ರು. ತಿಥಿಗೆ ದೊಡ್ಡದು ಮಾಡಿ, ಗಾಜು ಕಟ್ಟು ಹಾಕ್ಸಿ ಕೊಡಿ. ಕಾರ್ಡಲ್ಲಿ ಜಾಗ ಇದ್ರೆ ಮಾದಪ್ಪನ ಹಾಡೂ ತುಂಬ್ಸಿ."

ಗುರುಗಳು ಆ ಹೊತ್ತಿಗೆ ಕಣ್ಣಿನ ಡಾಕ್ಟರ ಹತ್ತಿರ ಪಟ್ಟಣಕ್ಕೆ ಹೊರಟಿದ್ದರು. ಚಪ್ಪಲಿ ಮೆಟ್ಟುತ್ತಾ ಶಿಷ್ಯೆಗೆ ಹೇಳಿದರು. "ಫೋಟೋ ಕಂಪ್ಯೂಟರಿಗೆ ಹಾಕಿಡು. ಮುಟ್ಟಬೇಡ. ನಾಳೆ ಬರ್ತೀನಿ."

ನಿರುಪಮಾ ಫೋಟೋವನ್ನು ಕಂಪ್ಯೂಟರಿಗೆ ಹಾಕಿದಳು. ತನ್ನ ಕ್ಯಾಮೆರಾದ ಕಾರ್ಡಿಗೆ ದಿನವೂ ಮಾಡುವಂತೆ, ಈ ಕಾರ್ಡನ್ನೂ ಪೂರ್ತಿ ಅಳಿಸಿ ಶುದ್ಧ ಮಾಡಿದಳು. ಕಾರ್ಡಿನ ತುಂಬ ಹಾಡು ತುಂಬಿಸಿ ಸಾಕಮ್ಮನಿಗೆ ಕೊಟ್ಟು ಕಳಿಸಿದಳು.

ಪರದೆಯ ಮೇಲೆ ದೇವೀರಮ್ಮ ಇದ್ದಳು. ಬಿಸಿಲಿಗೆ ಕಿರಿದಾದ ಕಣ್ಣು, ಮುಖದ ತುಂಬ ಗೆರೆ, ಗದ್ದದಲ್ಲೊಂದು ಗಾಯದ ಕಲೆ.

ಶಿಷ್ಯೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ತೆಗೆದಳು. ಮತ್ತೆ ಇಟ್ಟುಕೊಂಡಳು.

ಒಂದೇ ಒಂದು ಗೆರೆ ತೆಗೆದು ನೋಡೋಣ ಅನ್ನಿಸಿತು. ಕಲೆ ಒರೆಸುವ ಬ್ರಶ್ ಹಿಡಿದು ಒಮ್ಮೆ ಎಳೆದಳು. ಗೆರೆ ಮಾಯ. ಪಕ್ಕದ ಗೆರೆ ಈಗ ಎದ್ದು ಕಾಣಿಸಿತು. ಅದನ್ನೂ ತೆಗೆದಳು. ಹಣೆ ನುಣ್ಣಗಾಯಿತು, ಕೆನ್ನೆ ನುಣ್ಣಗಾಯಿತು. ಗದ್ದದ ಕಲೆ ಹೋಯಿತು. ಕಣ್ಣುಗಳನ್ನು ಕೊಂಚ ಅಗಲ ಮಾಡಿದಳು.

ಇಪ್ಪತ್ತು ನಿಮಿಷ. ಸೇವ್ ಮಾಡಿ, ಮುಚ್ಚಿ, ಮನೆಗೆ ಓಡಿದಳು.

ಮರುದಿನ ಗುರುಗಳು ಬಂದು ಪರದೆಯ ಮುಂದೆ ನಿಂತರು.

"ಯಾರಿದು?"

"ದೇವೀರಮ್ಮ ಸರ್."

"ಅವಳನ್ನ ನಾನು ಬಲ್ಲೆ. ಇದು ಯಾರು?"

"ಸ್ವಲ್ಪ ಕ್ಲೀನ್ ಮಾಡಿದೆ ಸರ್."

"ಮೊದಲಿಂದು ತೋರಿಸು."

ಅವಳು ಹುಡುಕಿದಳು. ಮೊದಲಿನದರ ಮೇಲೆಯೇ ಸೇವ್ ಮಾಡಿದ್ದಳು. ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ನಿನ್ನೆ ಮುಚ್ಚಿದ ಕೆಲಸಕ್ಕೆ ಹಿಂದೆ ಅನ್ನುವುದೇ ಉಳಿದಿರಲಿಲ್ಲ. ಕಾರ್ಡು ನೆನಪಾಯಿತು. ಕಾರ್ಡಿನ ತುಂಬ ಹಾಡು.

ಅವಳು ಮೌಸ್ ಬಿಟ್ಟಳು. "ಸರ್, ಬೈರಿ."

"ಬೈದ್ರೆ ಗೆರೆ ವಾಪಸ್ ಬರುತ್ತಾ?"

"ಏನು ಮಾಡಲಿ?"

"ನಿನ್ನೆ ಒರೆಸಿದೆಯಲ್ಲ, ಅದನ್ನೆಲ್ಲ ಒಂದೊಂದಾಗಿ ವಾಪಸ್ ಕೊಡು."

"ಎಲ್ಲಿಂದ ತರಲಿ ಸರ್? ಎಲ್ಲಿ ಯಾವ ಗೆರೆ ಇತ್ತು ಅಂತಾನೇ ನೆನಪಿಲ್ಲ."

"ನೀನು ನೋಡಲಿಲ್ಲ. ನೋಡಿದವರು ಇದ್ದಾರೆ. ಹೋಗಿ ಕೇಳು." ಗುರುಗಳು ಕಿಟಕಿಯಾಚೆ ನದಿಯ ಕಡೆ ಕೈ ತೋರಿಸಿದರು.

ಸಾಕಮ್ಮ ದಂಡೆಯಲ್ಲಿ ತೆಪ್ಪದ ನೀರು ಮೊಗೆದು ಚೆಲ್ಲುತ್ತಿದ್ದಳು. ನಿರುಪಮಾ ಫೋಟೋವನ್ನು ಫೋನಿನಲ್ಲಿ ತೋರಿಸಿ, ಆದದ್ದೆಲ್ಲ ಹೇಳಿದಳು. ಹೇಳಿ ಮುಗಿಸುವ ತನಕ ತಲೆ ಎತ್ತಲಿಲ್ಲ.

ಸಾಕಮ್ಮ ಫೋಟೋ ನೋಡಿದಳು.

"ಟೀವೀಲಿ ಸೋಪು ಮಾರ್ತಾಳಲ್ಲ, ಅವ್ಳ ಥರ ಇದಾಳೆ," ಎಂದಳು. ಆಮೇಲೆ ಅವಳ ದನಿ ಏರಿತು. "ನಿನ್ಗೇನು ಮಾಡಿದ್ಲವ್ವ ನಮ್ಮವ್ವ? ಒಂದ್ಸಲ ಸತ್ತಿದ್ದು ಸಾಲ್ದು ಅಂತ ಇನ್ನೊಂದ್ಸಲ ಸಾಯಿಸ್ದೆಯಲ್ಲ! ತಿಥಿ ದಿನ ಯಾರ ಮಖದ ಮುಂದೆ ಎಡೆ ಇಡ್ಲಿ ನಾನು?"

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು. ನಿರುಪಮಾಗೆ ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ.

"ಅವರ ಮುಖ ಹೇಗಿತ್ತು ಅಂತ ಹೇಳಿ. ನಾನು ಎಲ್ಲಾ ವಾಪಸ್ ಹಾಕ್ತೀನಿ."

"ಹೇಳೋಕೆ ಅದೇನು ಕತೆಯಾ?" ಸಾಕಮ್ಮ ಮೊಗೆಯುವ ಡಬ್ಬ ಬಿಸಾಕಿದಳು. "ತೆಪ್ಪಕ್ಕೆ ಜನ ಬಂದ್ರು. ಬಾ, ಕೂತ್ಕೊ. ಅಲ್ಲಾಡಬ್ಯಾಡ, ಮಗುಚ್ಕತ್ತದೆ."

ತೆಪ್ಪದಲ್ಲಿ ನಿರುಪಮಾ ಮೊದಲ ಬಾರಿಗೆ ಕಾಲು ಅಲ್ಲಾಡಿಸದೆ ಕೂತಳು.

ನಡುನೀರಿಗೆ ಬಂದಾಗ ನೀರಿನ ಮೇಲಿಂದ ಬಿಸಿಲು ಕಣ್ಣಿಗೆ ಹೊಡೆಯಿತು. ಸಾಕಮ್ಮನ ಬಲಗಣ್ಣು ಕಿರಿದಾಯಿತು. ಕಣ್ಣಿನ ತುದಿಯಿಂದ ಮೂರು ಗೆರೆ ಎದ್ದವು. ಎಡಗಣ್ಣಿನ ಪಕ್ಕ ಒಂದೇ.

ನಿರುಪಮಾ ಥಟ್ಟನೆ ಕ್ಯಾಮೆರಾ ಎತ್ತಿದಳು.

"ಇಳ್ಸು," ಎಂದಳು ಸಾಕಮ್ಮ. "ನಾನಿನ್ನೂ ಬದ್ಕಿದ್ದೀನಿ."

ಕ್ಯಾಮೆರಾ ಇಳಿಯಿತು. ಶಿಷ್ಯೆ ಬರಿಗಣ್ಣಿನಲ್ಲಿ ನೋಡತೊಡಗಿದಳು.

ಆ ದಿನ ಅವಳು ಹತ್ತು ಸಲ ನದಿ ದಾಟಿದಳು. ಮರುದಿನವೂ ಹೋದಳು. ತೆಪ್ಪಕ್ಕೆ ಹತ್ತಿದವರನ್ನೆಲ್ಲ ಕೇಳಿದಳು. ಅಪರಿಚಿತರ ಜೊತೆ ಮಾತಾಡುವಾಗ ಅವಳ ದನಿ ಸಣ್ಣಗಾಗುತ್ತಿತ್ತು. ಎರಡೆರಡು ಸಲ ಕೇಳಬೇಕಾಗುತ್ತಿತ್ತು.

"ಗದ್ದದ ಗಾಯವಾ? ಬಲಗಡೆ," ಎಂದ ಪೋಸ್ಟ್‌ಮ್ಯಾನ್ ಜವರಯ್ಯ. "ಹೊಳೆ ತುಂಬಿದ ವರ್ಷ ಹುಟ್ಟು ತಿರುಗಿ ಬಡೀತು. ನಾನೇ ಕಂಡಿದ್ದೀನಿ."

"ನಿನ್ ಕಣ್ಣಿಗೆ ಕಾಗದದ ಮೇಲಿನ ವಿಳಾಸವೇ ಕಾಣಾಕಿಲ್ಲ," ಎಂದಳು ಹೂವಿನ ಪುಟ್ಟಕ್ಕ. "ಎಡಗಡೆ."

"ಬಲಗಡೆ!"

"ಎಡಗಡೆ ಕನಯ್ಯ!"

ಹುಟ್ಟು ಹಾಕುತ್ತಿದ್ದ ಸಾಕಮ್ಮ ತಿರುಗಿ ನೋಡದೆ ಹೇಳಿದಳು. "ಎಡಗಡೆ. ಅವ್ವನ ತೊಡೆ ಮೇಲೆ ಮಲಗಿದ್ರೆ ನನ್ ಕೈಗೆ ಸಿಗ್ತಿತ್ತು."

ಜವರಯ್ಯ ಕಾಗದದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

ಸಂಜೆ ಸ್ಟುಡಿಯೋದಲ್ಲಿ ಶಿಷ್ಯೆ ಮೌಸ್ ಹಿಡಿದಳು. ಗುರುಗಳು ಬೇಡ ಅನ್ನಲಿಲ್ಲ. ಮೊದಲು ಇನ್ನೊಂದು ಪ್ರತಿ ಮಾಡಿಟ್ಟಳು. ಒಂದು ಗೆರೆ ಎಳೆದಳು. ಅದು ಪೆನ್ನಿನ ಗೀಟಿನಂತೆ ಕಂಡಿತು. ತೆಗೆದಳು. ಮತ್ತೆ ಎಳೆದಳು. ಈಗ ಒಡೆದ ಪಿಂಗಾಣಿಯಂತೆ ಕಂಡಿತು.

"ಒರೆಸುವಾಗ ಎಷ್ಟು ಸುಲಭ ಇತ್ತು ಸರ್!" ಎಂದು ಮೇಜಿಗೆ ಹಣೆ ಚಚ್ಚಿಕೊಂಡಳು.

"ಮೇಜು ಹಳೇದು, ಮೆಲ್ಲಗೆ," ಎಂದರು ಗುರುಗಳು.

ಮೂರನೆಯ ದಿನ ಗೆರೆಗಳು ಚರ್ಮದೊಳಗೆ ಇಳಿಯತೊಡಗಿದವು. ನಾಲ್ಕನೆಯ ದಿನ ಕಣ್ಣು ಕಿರಿದಾಯಿತು. ನಾಳೆ ತಿಥಿ ಅನ್ನುವಾಗ ಸಾಕಮ್ಮ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬರಲು ಅವಳಿಗೆ ಧೈರ್ಯ ಇರಲಿಲ್ಲ.

ನಿರುಪಮಾ ಕುರ್ಚಿ ಬಿಟ್ಟು ಎದ್ದಳು. ಉಗುರು ಕಚ್ಚಿದಳು. ಪರದೆಯನ್ನು ಬಾಗಿಲ ಕಡೆ ತಿರುಗಿಸಿದಳು.

ಸಾಕಮ್ಮ ತುಂಬಾ ಹೊತ್ತು ನೋಡಿದಳು. ಒಂದು ಹೆಜ್ಜೆ ಒಳಗೆ ಬಂದಳು.

"ಹಣೆ ಮೇಲೆ ಇನ್ನೊಂದು ಗೆರೆ ಇತ್ತು. ಹುಬ್ಬಿನ ಮಧ್ಯ, ನೆಟ್ಟಗೆ."

"ಯಾರೂ ಹೇಳಲಿಲ್ಲವಲ್ಲ."

"ಯಾರ್ ಹೇಳ್ತಾರೆ? ಅದು ನಂದು." ಸಾಕಮ್ಮ ನೆಲ ನೋಡಿದಳು. "ಅವ್ವಂಗೆ ಹೇಳ್ದೆ ಮದ್ವೆ ಆದೆ. ಮೂರ್ ವರ್ಷ ನನ್ ಜೊತೆ ಮಾತಾಡ್ನಿಲ್ಲ. ತಿರ್ಗಾ ಮಾತಾಡ್ದಾಗ ಅದು ಅಲ್ಲಿತ್ತು."

ನಿರುಪಮಾ ಕೂತಳು. ಮೆಲ್ಲಗೆ, ಒಂದೇ ಗೆರೆ ಎಳೆದಳು. ಕೈ ಅಲ್ಲೇ ಸುಮ್ಮನಾಯಿತು.

ಸಾಕಮ್ಮ ಪರದೆಯ ಹತ್ತಿರ ಬಗ್ಗಿದಳು.

"ಯಾಕವ್ವ ಹಂಗ್ ನೋಡ್ತೀಯ?" ಎಂದಳು, ಪಕ್ಕದಲ್ಲಿ ಯಾರೂ ಇಲ್ಲವೇನೋ ಎಂಬಂತೆ. "ಬಿಸ್ಲಾ?"

ಸೆರಗು ಬಾಯಿಗೆ ಒತ್ತಿಕೊಂಡಳು. ಬೆಳಿಗ್ಗೆ ಬಂದು ಕಟ್ಟು ಹಾಕಿದ ಫೋಟೋ ತೆಗೆದುಕೊಂಡು ಹೋಗುತ್ತೇನೆ ಎಂದು ಕೈಸನ್ನೆಯಲ್ಲೇ ಹೇಳಿ ಹೊರಟುಹೋದಳು.

ನಿರುಪಮಾ ಮುಖ ಅರಳಿಸಿಕೊಂಡು ಎದ್ದಳು. "ಸರ್, ಪ್ರಿಂಟ್ ಕೊಡಲಾ?"

ಗುರುಗಳು ಸ್ಟೂಲು ಎಳೆದುಕೊಂಡು ಪರದೆಯ ಮುಂದೆ ಕೂತರು. ಬಲಗಣ್ಣಿನ ತುದಿಯ ಮೇಲೆ ಬೆರಳಿಟ್ಟರು.

"ಇದು ಯಾರು ಕೊಟ್ಟಿದ್ದು?"

"ಬೆಳಗಿನ ಬಿಸಿಲು ಸರ್. ಆಚೆ ದಡಕ್ಕೆ ಹೋಗುವಾಗ ಬಲಗಡೆಯಿಂದ ಹೊಡೆಯುತ್ತೆ."

"ಇದು?"

"ಹೊಳೆ ತುಂಬಿದ ವರ್ಷದ್ದು. ಹುಟ್ಟು ಬಡಿದದ್ದು."

"ಇದು?"

"ಸಾಕಮ್ಮಂದು."

"ಇವೆರಡು, ಬಾಯಿಯ ಪಕ್ಕ?"

"ನಗು ಸರ್. ಜವರಯ್ಯನವರನ್ನ ದಿನಾ ಗೋಳು ಹುಯ್ಕೊಂಡು ನಗ್ತಿದ್ರಂತೆ. ಪುಟ್ಟಕ್ಕ ಹೇಳಿದ್ರು."

ಬೆರಳು ಮುಖದ ಮೇಲೆಲ್ಲ ಓಡಾಡಿತು. ಪ್ರತಿ ಸಲವೂ ಅವಳು ಹೇಳಿದಳು. ಕೊನೆಗೆ ಬೆರಳು ಎಡಗೆನ್ನೆಯ ಒಂದು ಸಣ್ಣ ಗೆರೆಯ ಮೇಲೆ ನಿಂತಿತು. ತೆಳ್ಳಗೆ, ಬಿಲ್ಲಿನಂತೆ ಬಾಗಿದ, ಎಲ್ಲಕ್ಕಿಂತ ಚಂದದ ಗೆರೆ.

"ಇದು?"

ಶಿಷ್ಯೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಯಾರು ಕೊಟ್ಟಿದ್ದಮ್ಮ ಇದನ್ನ?"

"ಯಾರೂ ಕೊಡಲಿಲ್ಲ ಸರ್," ಎಂದಳು. "ಆ ಕಡೆ ಖಾಲಿ ಕಾಣ್ತಿತ್ತು. ಅಲ್ಲೊಂದು ಇದ್ದರೆ ಚೆನ್ನಾಗಿರುತ್ತೆ ಅಂತ ನಾನೇ ಹಾಕಿದೆ."

ಗುರುಗಳು ಎದ್ದು, ಒರೆಸುವ ಬ್ರಶ್ ತೆರೆದು, ಮೌಸನ್ನು ಅವಳ ಕಡೆ ತಳ್ಳಿದರು.

"ಹಾಗಾದ್ರೆ ಬಾ, ಕೂತ್ಕೊ. ಒರೆಸೋದು ಹೇಗೆ ಅಂತ ಇವತ್ತು ಹೇಳಿಕೊಡ್ತೀನಿ."