ಗಿಣಿಗೆ ತೆಗೆದ ಅಳತೆ

“ಗುರುಗಳೇ, ಒಬ್ಬನು ತನಗೆ ತಾನೇ ಹಾಕಿಕೊಳ್ಳುವ ನಿಯಮ ಎಷ್ಟು ಬಿಗಿಯಾಗಿರಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ಆಶ್ರಮಕ್ಕೆ ಬಂದ ದಿನವೇ ಒಂದು ವ್ರತ ಹಿಡಿದಿದ್ದ. ಒಪ್ಪೊತ್ತಿನ ಊಟ, ಗುರುಗಳನ್ನು ಬಿಟ್ಟರೆ ಬೇರೆ ಯಾರೊಡನೆಯೂ ಮಾತಿಲ್ಲ, ನಗುವಿಲ್ಲ. ಈಗ ಅವನಿಗೆ ಆ ಒಂದು ಊಟವೂ ಸೇರುತ್ತಿರಲಿಲ್ಲ, ಓದೂ ತಲೆಗೆ ಹತ್ತುತ್ತಿರಲಿಲ್ಲ. ವ್ರತ ಬಿಟ್ಟರೆ ಸೋತಂತೆ. ಬಿಡದಿದ್ದರೆ ಆಶ್ರಮವನ್ನೇ ಬಿಡಬೇಕಾದೀತು ಎಂಬ ಭಯ. ಗುರುವಿನ ಮುಂದೆ ಎಲ್ಲ ಶಿಷ್ಯರೂ ನಿಲ್ಲುವಂತೆ ಅವನು ಕೈಕಟ್ಟಿ ನಿಂತಿದ್ದ. ಗುರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಗೂಡಿನಿಂದ ಬಿದ್ದ ಗಿಣಿಮರಿಯೊಂದನ್ನು ತಂದು ಸಾಕಿದ್ದ. ಅದು ಅವನ ಹೆಗಲ ಮೇಲೆ ಕೂತು, ಅವನಿಂದಲೇ ಕಲಿತ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿತ್ತು: “ನಾಳೆ ಬನ್ನಿ, ನಾಳೆ ಬನ್ನಿ.”

ಬೆಕ್ಕಿನ ಕಾಟ ಶುರುವಾದಾಗ ಗಿಣಿಗೆ ಪಂಜರ ಬೇಕಾಯಿತು. ದರ್ಜಿ ಟೇಪು ತೆಗೆದು, ಸುಮ್ಮನೆ ಕೂತಿದ್ದ ಗಿಣಿಯನ್ನು ಅಳೆದ. ಕೊಕ್ಕಿನಿಂದ ಬಾಲದವರೆಗೆ ಉದ್ದ, ಎದೆಯ ಸುತ್ತಳತೆ, ಎಲ್ಲವನ್ನೂ ತೆಗೆದ. ಅದೇ ಅಳತೆಗೆ ತಂತಿಯ ಪಂಜರ ಕಟ್ಟಿಸಿದ. ಒಳ್ಳೆಯ ಕೋಟು ಮೈಗೆ ಕೂರುವಂತೆ ಪಂಜರ ಗಿಣಿಗೆ ಕೂತಿತು.

ಕೆಲವೇ ದಿನಗಳಲ್ಲಿ ಗಿಣಿ ಕಾಳು ಮುಟ್ಟುವುದನ್ನು ಬಿಟ್ಟಿತು. ಮಾತೂ ನಿಂತಿತು. ಮುರಿದ ಗರಿಗಳು ಪಂಜರದ ತಳದಲ್ಲಿ ಬಿದ್ದಿದ್ದವು. ಇನ್ನು ಇದು ಉಳಿಯುವುದಿಲ್ಲ ಎಂದು ದರ್ಜಿ ತಲೆಯ ಮೇಲೆ ಕೈಹೊತ್ತು ಕೂತ.

ಹೆಂಡತಿ ಬಂದು ನೋಡಿದಳು. “ಅಳತೆ ಯಾವಾಗ ತೆಗೆದಿರಿ?”

“ಅಲುಗಾಡದೆ ಕೂತಿದ್ದಾಗ. ಒಂದು ನೂಲಿನಷ್ಟೂ ತಪ್ಪಿಲ್ಲ, ನೋಡು.”

“ಅಯ್ಯೋ, ಚೆನ್ನಾಯಿತು! ಬಂದ ಗಿರಾಕಿಗೆಲ್ಲ ‘ಕೈ ಎತ್ತಿ ಸ್ವಾಮಿ’ ಎನ್ನುತ್ತೀರಿ. ಇದಕ್ಕೆ ಮಾತ್ರ ಹೇಳಲಿಲ್ಲವೇ?”

ದರ್ಜಿ ಬೆಕ್ಕು ಬಾರದಂತೆ ಬಾಗಿಲು ಹಾಕಿ ಗಿಣಿಯನ್ನು ಹೊರಗೆ ಬಿಟ್ಟ. ಅದು ಮೈಕೊಡವಿ ಎರಡೂ ರೆಕ್ಕೆ ಬಿಚ್ಚಿತು. ಆಗ ಅಳೆದ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಬಂದ ಅಳತೆಯ ಮೇಲೆ, ಮಕ್ಕಳ ಅಂಗಿಗೆ ಬಿಡುವಂತೆ, ಇನ್ನಷ್ಟು ಸಡಿಲ ಬಿಟ್ಟು ಹೊಸ ಪಂಜರ ಕಟ್ಟಿಸಿದ. ಆದರೆ ಕಂಬಿಗಳ ನಡುವಿನ ಸಂದಿಯನ್ನು ಹಿಂದಿನಷ್ಟೇ ಇಡಿಸಿದ. ಏಕೆಂದರೆ ಗಿಣಿಗೆ ಬೇಕಾದದ್ದು ಜಾಗ. ಸಂದಿ ಬೇಕಾದದ್ದು ಬೆಕ್ಕಿಗೆ. ಎರಡೂ ಒಂದೇ ಅಲ್ಲ.

ಗಿಣಿ ಒಳಗೆ ಹೋಯಿತು. ರೆಕ್ಕೆ ಬಡಿಯಿತು; ಎಲ್ಲೂ ತಾಗಲಿಲ್ಲ. ಕಾಳು ಕುಕ್ಕಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗಿರಾಕಿಯನ್ನು ನೋಡಿ “ನಾಳೆ ಬನ್ನಿ” ಎಂದಿತು. ದರ್ಜಿಗೆ ಹೋದ ಜೀವ ಬಂದಂತಾಯಿತು.

ಕತೆ ಮುಗಿಯಿತು. ಶಿಷ್ಯನ ಮುಖ ಎಷ್ಟೋ ದಿನಗಳ ಮೇಲೆ ಸ್ವಲ್ಪ ಸಡಿಲಾಯಿತು. “ಹಾಗಾದರೆ ನನ್ನ ವ್ರತದ ಅಳತೆ ಎಷ್ಟು, ಗುರುಗಳೇ?” ಎಂದು ಕೇಳಿದ.

ಗುರು ನಕ್ಕು ಹೇಳಿದರು: “ಮೊದಲು ಆ ಕಟ್ಟಿದ ಕೈ ಬಿಡಪ್ಪ, ಆಮೇಲೆ ಅಳೆಯೋಣ.”