ಮರಿ ಬಾಯಿ ಬಿಟ್ಟ ದಿನ

ಕೆರೆ ದಡದ ಶಿಶುವಿಹಾರದಲ್ಲಿ ಆಮೆ ಟೀಚರಾಗಿತ್ತು. ಅಲ್ಲಿಗೆ ಬರುತ್ತಿದ್ದ ಗೊರವಂಕದ ಮರಿ ಚಿಟ್ಟು ಮೂರು ತಿಂಗಳಾದರೂ ಒಂದು ಮಾತೂ ಆಡಿರಲಿಲ್ಲ. ನಿನ್ನೆಯಂತೂ ನೀರು ಬೇಕೆಂದು ಕೇಳಲಾರದೆ ಬಿಸಿಲಿಗೆ ಬವಳಿ ಬಂದು ಬಿದ್ದಿತ್ತು. ಗಾಬರಿಯಾದ ಆಮೆ ಮರಿಯ ತಾಯಿಯನ್ನು ಕರೆಸಿತು.

"ಚಿಟ್ಟೂ, ನಿನ್ನೆ ಬಾಯಾರಿಕೆ ಆಗಿತ್ತಾ?" ಎಂದು ಆಮೆ ಮರಿಯನ್ನೇ ಕೇಳಿತು.

"ಆಗದೆ ಇರುತ್ತದೆಯೇ? ಅವನಿಗೆ ಬಾಯಾರಿಕೆ ಬೇಗ," ಎಂದಿತು ತಾಯಿ.

"ಯಾವ ಆಟ ಇಷ್ಟ, ಮರಿ?"

"ಜೋಕಾಲಿ. ಬೇರೆ ಯಾವುದೂ ಅವನಿಗೆ ಹಿಡಿಸದು."

"ಗೊರವಂಕಮ್ಮಾ, ಅವನೇ ಹೇಳಲಿ ಎಂದು..."

"ಹೇಳುವುದಿಲ್ಲವಲ್ಲ! ಯಾಕೆ ಹೇಳುವುದಿಲ್ಲ ಎಂದು ತಿಳಿಯಲೆಂದೇ ಗೂಡಿನ ಕೆಲಸ ಬಿಟ್ಟು ಬಂದಿದ್ದೇನೆ."

ಕಾರಣ ಆಮೆಯ ನಾಲಗೆಯ ತುದಿಯಲ್ಲೇ ಇತ್ತು. ಹೇಳಲೆಂದು ನಾಲ್ಕು ಸಲ ಬಾಯಿ ತೆರೆಯಿತು. ನಾಲ್ಕು ಸಲವೂ ಗೊರವಂಕದ ಮಾತು ಅಡ್ಡ ಬಂತು. ಕೊನೆಗೆ ಸಾಕಾಗಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಆಗ ಮರಿ ಮೆಲ್ಲಗೆ ಹೇಳಿತು: "ಅಮ್ಮಾ, ನೀನು ಸುಮ್ಮನಾದರೆ ಟೀಚರ್ ಹೊರಗೆ ಬರುತ್ತಾರೆ."

ಆಮೆಯ ಕಣ್ಣು ತುಂಬಿ ಬಂತು. ಇನ್ನೊಂದು ಮಾತು ಕೇಳುವ ಆಸೆಯಿಂದ ಅದು ತಲೆ ಹೊರಗೆ ಹಾಕುವಷ್ಟರಲ್ಲಿ ತಾಯಿ, "ನೋಡಿದಿರಾ? ಎಷ್ಟು ಚೆನ್ನಾಗಿ ಮಾತಾಡುತ್ತಾನೆ!" ಎನ್ನುತ್ತ ಮರಿಯನ್ನು ಕರೆದುಕೊಂಡು ಹೊರಟೇಬಿಟ್ಟಿತು.

ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಅಳಿಲಿಗೆ ಅದು ಹೇಳಿತು: "ನಮ್ಮ ಮಗುವಿಗೇನೂ ತೊಂದರೆಯಿಲ್ಲ. ಪಾಪ, ಆ ಟೀಚರಿಗೇ ಮಾತು ಬಾರದು."