ಈರವ್ವನ ದುಂಡು ಮುಖ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಒಂದು ಕಾಲದಲ್ಲಿ, ಕಣ್ಣು ಮುಚ್ಕೊಂಡೇ ಕೇಳು ಮಗಾ, ಚೌಳು ಮಣ್ಣು ಸೋಸಿ ಉಪ್ಪು ಕಾಯಿಸೋರ ಒಂದು ಊರಿತ್ತಂತೆ. ಅಲ್ಲಿ ಈರವ್ವ ಅಂತ ಒಬ್ಬಳು ಮುದುಕಿ, ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಮೂರು ಬೇರೆ ಬೇರೆ ಒಲೆ. ಒಬ್ಬೊಬ್ಬರ ಮನೇಲಿ ಒಂದೊಂದು ತಿಂಗಳು ಇರ್ತಿದ್ಲಂತೆ. ಕಿರಿ ಸೊಸೆ ಪಾಲಕ್ಕನಿಗೆ ತಾಯಿ ಇರಲಿಲ್ಲ, ಅತ್ತೇನೇ ಅವ್ವ ಅಂದ್ಕೊಂಡಿದ್ಲು. ಪಾಪ, ಅದೇ ಅವಳಿಗೆ ಮುಳುವಾಯ್ತು.

ಒಂದು ವರ್ಷ ಈರವ್ವನಿಗೆ ಚಳಿಜ್ವರ ಬಂದು ಹೋಯ್ತಂತೆ, ಆಮೇಲೆ ಉಚ್ಚೆ ಉರಿ ಶುರುವಾಯ್ತಂತೆ, ಆಮೇಲೆ ಕಾಲು ಊದಿ, ಮುಖಾನೂ ಊದ್ಕೊಂತಂತೆ. ಬೇರು ನಾರು ಮಾರೋ ಒಬ್ಬ ಮುದುಕಿ ಪಾಲಕ್ಕನಿಗೆ ಹೇಳಿದ್ಲಂತೆ, ನಾವೀಗ ಕಿಡ್ನಿ ಅಂತೀವಲ್ಲ, ಬೆನ್ನೊಳಗಿನ ಆ ಎರಡು ಬೀಜಕ್ಕೆ ಉರಿ ಹತ್ತಿದೆ, ಕೊಮ್ಮೆ ಬೇರಿನ ಕಷಾಯ ಕುಡಿಸು, ಉರಿ ಆರುತ್ತೆ, ಆದರೆ ನಾಲಿಗೆಗೆ ಉಪ್ಪು ಸೋಕಬಾರದು, ಸೋಕಿದರೆ ಬೇರು ಸೋಲುತ್ತೆ ಅಂತ.

ಪಾಲಕ್ಕ ಮೂರು ಮನೆಗೂ ತಾನೇ ಬೇರು ಅಗೆದು ತಂದು ಕೊಟ್ಟು, ಉಪ್ಪು ಬೇಡ ಅಂತಾನೂ ಹೇಳಿದ್ಲಂತೆ. ಮೊದಲನೇ ತಿಂಗಳು ಹಿರಿ ಸೊಸೆ ದ್ಯಾಮಕ್ಕನ ಮನೆ. ಉಪ್ಪು ಕಾಯಿಸೋರ ಮನೇಲಿ ಹಿರಿಯರ ತಟ್ಟೆಗೆ ಮೊದಲು ಬೀಳೋದೇ ಉಪ್ಪು, ಅದು ಮರ್ಯಾದೆ. ದ್ಯಾಮಕ್ಕ ಕಷಾಯಾನೂ ಕೊಟ್ಲು, ಉಪ್ಪೂ ಬಡಿಸಿದ್ಲು. ಎರಡನೇ ತಿಂಗಳು ನಡುವಿನ ಸೊಸೆ, ಅತ್ತೆ ಕಹಿ ಅಂತ ಮುಖ ಕಿವುಚಿದ್ದಕ್ಕೆ ಕಷಾಯ ಚೆಲ್ಲಿ ಉಪ್ಪಿನಕಾಯಿ ಕೊಟ್ಲಂತೆ. ಬಾವು ಇನ್ನೂ ಏರಿತು. ಅದು ಬಾವು ಅಂತ ಊರವರಿಗೆ ಎಲ್ಲಿ ಗೊತ್ತಾಗ್ಬೇಕು, ನೋಡ್ರೇ ಮುದುಕಿ ಎಷ್ಟು ದುಂಡಗಾಗಿದ್ದಾಳೆ, ಸೊಸೆಯರು ಅಂದ್ರೆ ಹೀಗಿರ್ಬೇಕು ಅಂತ ಹೊಗಳಿದ್ದೇ ಹೊಗಳಿದ್ದು.

ಮೂರನೇ ತಿಂಗಳು ಪಾಲಕ್ಕನ ಸರದಿ. ಅವಳು ಉಪ್ಪಿನ ಮಡಕೇನೇ ಮನೆಯಿಂದ ಆಚೆ ಹಾಕಿ, ತಾನೂ ಸಪ್ಪೆ ಉಂಡು, ಅತ್ತೆಗೂ ಸಪ್ಪೆ ಇಟ್ಟು, ಕಷಾಯ ಕುಡಿಸಿದ್ಲಂತೆ. ನನ್ನ ಕೈಯಾರೆ ಕಾಯಿಸಿದ ಉಪ್ಪನ್ನ ನನಗೇ ಕೊಡಲ್ವೇನೇ, ಯಾವ ಜನ್ಮದ ಹಗೆ ನೀನು ಅಂತ ಮುದುಕಿ ಶಾಪ ಹಾಕಿದ್ಲಂತೆ. ಪಾಲಕ್ಕ ಅತ್ಲು, ಆದರೂ ಕೊಡಲಿಲ್ಲ. ಇಪ್ಪತ್ತು ದಿನಕ್ಕೆ ಉರಿ ನಿಂತು, ಬಾವು ಇಳಿದು, ಮುದುಕಿಯ ಕೆನ್ನೆ ಮೂಳೆ ಕಾಣಿಸ್ತಂತೆ. ಅದೇ ಅವಳ ನಿಜವಾದ ಮುಖ, ಮರೆತವರು ಊರವರು. ಅಯ್ಯೋ, ಉಪವಾಸ ಕೆಡವಿದ್ದಾಳೆ ಅಂತ ಗುಲ್ಲೆಬ್ಬಿಸಿದ್ರು. ಹಿರಿಮಗ ಬಂದು ತಾಯೀನ ಬೆನ್ನ ಮೇಲೆ ಹೊತ್ಕೊಂಡ. ಇನ್ನು ಹತ್ತು ದಿನ ಬಿಡಿ ಭಾವಾ ಅಂತ ಪಾಲಕ್ಕ ಕಾಲು ಹಿಡಿದ್ಲಂತೆ. ಅವನು ಕೇಳಲಿಲ್ಲ, ಅವಳ ಗಂಡ ಅನ್ನಿಸಿಕೊಂಡವನೂ ಅಣ್ಣನ ಹಿಂದೇನೇ ನಡೆದ.

ಆಮೇಲೆ ದ್ಯಾಮಕ್ಕನ ಮನೇಲಿ ಮುಖ ಮತ್ತೆ ದುಂಡಗಾಯ್ತು, ಊರು ಮತ್ತೆ ಹೊಗಳ್ತು, ತಿಂಗಳೊಳಗೆ ಈರವ್ವ ಸತ್ತಳಂತೆ. ಪಾಲಕ್ಕ ಒಣಗಿಸಿದ್ದಕ್ಕೇ ಹೋದ್ಲು ಅಂದ್ರು. ಹೆಣದ ಬಾಯಿಗೆ ನೀರು ಬಿಡೋಕೂ ಅವಳನ್ನ ಬಿಡಲಿಲ್ಲ.

ಎಷ್ಟೋ ವರ್ಷಕ್ಕೆ ದ್ಯಾಮಕ್ಕನ ಕಾಲೂ ಊದ್ಕೊಂತಂತೆ. ಯಾರೂ ನೋಡದ ಹಾಗೆ ಹಿತ್ತಿಲಿಂದ ಬಂದು, ಆ ಬೇರು ಕೊಡೇ ಪಾಲಿ ಅಂದ್ಲಂತೆ. ನಾನಾಗಿದ್ರೆ ಕೊಡ್ತಿರಲಿಲ್ಲ. ಪಾಲಕ್ಕ ಅಗೆದು ಕೊಟ್ಲು, ಉಪ್ಪು ಬಿಡಬೇಕು ಅಂದ್ಲು. ದ್ಯಾಮಕ್ಕ ಮೂರು ತಿಂಗಳು ಕದ ಹಾಕ್ಕೊಂಡು ಸಪ್ಪೆ ಉಂಡು, ಕಷಾಯ ಕುಡಿದು ಹುಷಾರಾದ್ಲು. ಆಮೇಲೆ ಮೊಮ್ಮಕ್ಕಳ ಮದುವೆ ನೋಡಿ ಸುಖವಾಗಿ ಬಾಳಿದ್ಲಂತೆ. ಆ ಮೊಮ್ಮಕ್ಕಳು ಮುತ್ತಜ್ಜಿ ಹೇಗೆ ಸತ್ಲು ಅಂತ ಕೇಳಿದಾಗೆಲ್ಲ, ನಿಮ್ಮ ಚಿಕ್ಕಜ್ಜಿ ಪಾಲಕ್ಕ ಉಪ್ಪು ಕೊಡದೆ ಕೊಂದ್ಲು ಅಂತಲೇ ಹೇಳ್ತಿದ್ಲಂತೆ. ಕತೆ ಇಷ್ಟೇ, ಮಲಕ್ಕೋ.